ರೋಗ ಇಳಿದಾಗಲೂ ಎಚ್ಚರವಿರಲಿ

ಇಚ್ಚಿತ್ತ ವಿಕಲತೆ, ಅಂದರೆ ಸ್ಕಿಜೋಫ್ರೇನಿಯಾ, ಎಂದೊಡನೆ ರೋಗಿಯು ಪರರಿಗೆ ಎಲ್ಲಿ ಕೇಡು ಮಾಡುವನೋ ಎಂದು ಜನ ಅಂಜುತ್ತಾರೆ. ವಾಸ್ತವವಾಗಿ ಹೆಚ್ಚಿನ ಅಪಾಯವಿರುವುದು ಆತನ ಪ್ರಾಣಕ್ಕೇ. ಈ ರೋಗಕ್ಕೆ 1908ರಲ್ಲಿ ಇಂದಿನ ಹೆಸರನ್ನಿತ್ತ ಸ್ವಿಟ್ಜರ್ಲೆಂಡಿನ ವೈದ್ಯ ಯೂಜೆನ್ ಬ್ಲಾಯ್ಲರ್, ಇದರ ಲಕ್ಷಣಗಳಲ್ಲೆಲ್ಲ ಆತ್ಮಹತ್ಯೆಯ ಪ್ರವೃತ್ತಿಯೇ ಅತ್ಯಂತ ಗಂಭೀರವಾದುದೆಂದು 1911ರಲ್ಲೇ ಬರೆದಿದ್ದರು. ಈ ರೋಗಿಗಳಲ್ಲಿ ನೂರಕ್ಕೆ ಸುಮಾರು 5 ಮಂದಿ ಹೀಗೆ ಜೀವ ಕಳೆದುಕೊಳ್ಳುತ್ತಾರೆಂಬುದು ಇಂದಿನ ಅಂದಾಜು. ಉಳಿದವರು ಈ ದಾರಿ ಹಿಡಿಯುವುದಿಲ್ಲವೆಂಬುದೂ ಅಷ್ಟೇ ಸತ್ಯ. ಆದುದರಿಂದ ಬೇಕಾದುದು ಭೀತಿಯಲ್ಲ, ಎಚ್ಚರ.

ಅಪಾಯ ಹೆಚ್ಚುವುದು ಯಾವಾಗ? ಇಲ್ಲದ ದನಿಗಳು ಕಿವಿಯಲ್ಲಿ ಮೊಳಗುವಾಗ ಮಾತ್ರವೇ ಎಂದು ಅನೇಕರು ಭಾವಿಸುತ್ತಾರೆ. ಆದರೆ ಕಾಯಿಲೆಯ ಮೊದಲ ಕೆಲವು ವರ್ಷಗಳು, ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ವಾರಗಳು, ಔಷಧಿ ನಿಲ್ಲಿಸಿದ ಕಾಲ, ಇವೂ ಅಪಾಯದ ಗಳಿಗೆಗಳೇ. ಓದಿನಲ್ಲಿ ಮುಂದಿದ್ದ ತರುಣನೊಬ್ಬ ಚೇತರಿಸಿಕೊಳ್ಳುತ್ತಿದ್ದಂತೆ, ತನ್ನ ಕೈತಪ್ಪಿದ್ದು ಏನೆಂಬುದನ್ನು ಅರಿಯುತ್ತಾನೆ. ಜೊತೆಗಾರರು ನೌಕರಿ ಹಿಡಿದು ಸಂಸಾರ ಹೂಡಿರುತ್ತಾರೆ. ರೋಗದ ಅರಿವಿನೊಡನೆ ನಿರಾಶೆಯೂ ಖಿನ್ನತೆಯೂ ಬೆರೆತಾಗ ಬದುಕು ಭಾರವೆನಿಸುತ್ತದೆ. ‘ಸದ್ಯ, ಗುಣವಾಯಿತು’ ಎಂದು ಮನೆಯವರು ಸಮಾಧಾನಪಡುವ ದಿನಗಳೂ ಇವೇ ಆಗಿರಬಹುದು.

ಮುಂಬಯಿ, ಪುಣೆಗಳಂತಹ ನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಈ ಕಷ್ಟ ಇಮ್ಮಡಿಯಾಗುವುದುಂಟು. ತಂದೆತಾಯಿ ಇಬ್ಬರೂ ದುಡಿಯಲು ಹೊರಟರೆ ಮಗ ದಿನವಿಡೀ ಒಂಟಿ. ಊರಿನಲ್ಲಾದರೆ ಬಂದುಹೋಗುವ ಚಿಕ್ಕಪ್ಪ, ದೊಡ್ಡಮ್ಮಂದಿರು ಇಲ್ಲಿಲ್ಲ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಕಾಯಿಲೆಯ ಸುದ್ದಿಯನ್ನೇ ಮುಚ್ಚಿಡಲಾಗುತ್ತದೆ. ಹೀಗೆ ಮುಚ್ಚಿಟ್ಟಷ್ಟೂ ನೆರವು ದೂರವಾಗುತ್ತದೆ.

‘ನಾನು ಯಾರಿಗೂ ಬೇಡ’ ಎಂಬ ಮಾತು, ಪ್ರಿಯ ವಸ್ತುಗಳನ್ನು ಹಂಚಿಬಿಡುವುದು, ನಿದ್ರೆಗೇಡು, ಹಿಂದೊಮ್ಮೆ ನಡೆದ ಪ್ರಯತ್ನ, ಇವುಗಳನ್ನು ಹಗುರವಾಗಿ ಎಣಿಸಬಾರದು. ‘ಸಾಯಬೇಕೆನಿಸುತ್ತಿದೆಯೇ?’ ಎಂದು ಮೃದುವಾಗಿ, ನೇರವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬನನ್ನೇ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಔಷಧಿಗಳು ಮನೆಯವರ ವಶದಲ್ಲಿರಲಿ.

ಚಿಕಿತ್ಸೆ ನಿಷ್ಫಲವಲ್ಲ. 980 ರೋಗಿಗಳನ್ನು ಎರಡು ವರ್ಷ ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಲೋಜಪಿನ್ ಎಂಬ ಔಷಧಿ ಪಡೆದವರಲ್ಲಿ ಆತ್ಮಹತ್ಯಾ ಪ್ರಯತ್ನಗಳು ಓಲಾಂಜಪಿನ್ ಪಡೆದವರಿಗಿಂತ ಕಡಿಮೆಯಾಗಿದ್ದವು. ಬಿಳಿ ರಕ್ತಕಣಗಳು ಕುಸಿಯಬಹುದಾದ್ದರಿಂದ ಇದಕ್ಕೆ ಕಾಲಕಾಲಕ್ಕೆ ರಕ್ತಪರೀಕ್ಷೆ ಅವಶ್ಯ. ಖಿನ್ನತೆಗೂ ಪ್ರತ್ಯೇಕ ಚಿಕಿತ್ಸೆಯುಂಟು. ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಕಾಗಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡಕ್ಕೊಳಗಾದವರೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಪರಿಗಣಿಸುತ್ತದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡಬಹುದು.

ಪರನಾಡಿನಲ್ಲಿ ಸಂಘವೇ ಬಂಧುಬಳಗ. ಸಭೆ, ಹಬ್ಬಗಳಿಗೆ ಬರುವುದನ್ನು ನಿಲ್ಲಿಸಿದ ಕುಟುಂಬದ ಬಾಗಿಲನ್ನು ಯಾರಾದರೊಬ್ಬರು ತಟ್ಟಲಿ. ಕುತೂಹಲಕ್ಕಾಗಿಯಲ್ಲ, ಆ ತಾಯಿ ಅರ್ಧ ದಿನ ವಿಶ್ರಮಿಸಲೆಂದು, ಮಗನಿಗೆ ಮಾತಿಗೊಬ್ಬರು ಸಿಗಲೆಂದು.