ಗಣಕಸಮೂಹಗಳಲ್ಲಿ ಕಂಟೇನರ್ ಇಮೇಜುಗಳ ಹಂಚಿಕೆ

ಓಲೆಗರಿಯ ಗ್ರಂಥವೊಂದನ್ನು ಹತ್ತು ಮಂದಿ ಲಿಪಿಕಾರರು ಪ್ರತಿ ಮಾಡಿದರೆ ಹತ್ತು ಬಗೆಯ ಪಾಠಗಳು ಹುಟ್ಟುವುದು ಗ್ರಂಥಸಂಪಾದನೆಯಲ್ಲಿ ತೊಡಗಿದವರೆಲ್ಲರ ಅನುಭವ. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೇ ತೊಡಕುಂಟು. ಒಂದು ಯಂತ್ರದಲ್ಲಿ ಸರಿಯಾಗಿ ನಡೆದ ಲೆಕ್ಕಾಚಾರವು, ಪೂರಕ ತಂತ್ರಾಂಶಗಳು ಬೇರೆಯಾದ ಮಾತ್ರಕ್ಕೆ, ಇನ್ನೊಂದರಲ್ಲಿ ಕೆಡಬಹುದು. ಬೇರೆಯ ಉತ್ತರವನ್ನೇ ಕೊಡಲೂಬಹುದು. ಆದುದರಿಂದ ಒಂದು ಕಾರ್ಯಕ್ಕೆ ಬೇಕಾದ ತಂತ್ರಾಂಶವನ್ನೂ ಅದರ ಪರಿಕರಗಳನ್ನೂ ಒಂದೇ ಕಟ್ಟಾಗಿ ಬಿಗಿದಿಡುವ ಪದ್ಧತಿಯು ಬಂದಿತು. ಈ ಕಟ್ಟಿಗೆ ಕಂಟೇನರ್ ಇಮೇಜ್ ಎಂದು ಹೆಸರು. 2013ರಲ್ಲಿ ಡಾಕರ್ ಎಂಬ ಸಾಧನವು ಹೊರಬಂದ ಮೇಲೆ ಇದರ ಬಳಕೆಯು ಬಹುವಾಗಿ ಹಬ್ಬಿತು.

ಕಟ್ಟೇನೋ ಸಿದ್ಧವಾಯಿತು; ಅದನ್ನು ಸಾವಿರಾರು ಗಣಕಗಳಿಗೆ ತಲಪಿಸುವ ಬಗೆ ಹೇಗೆ? ಒಂದೊಂದು ಕಟ್ಟೂ ಹಲವು ಗಿಗಾಬೈಟುಗಳಷ್ಟಿರುವುದುಂಟು. ಎಲ್ಲ ಯಂತ್ರಗಳೂ ಏಕಕಾಲಕ್ಕೆ ಇಡಿಯ ಕಟ್ಟನ್ನು ಬೇಡಿದರೆ ಜಾಲದ ಮೇಲೆ ವಿಪರೀತ ಭಾರ ಬೀಳುತ್ತದೆ. ಅದೂ ಬಹುಮಟ್ಟಿಗೆ ವ್ಯರ್ಥಭಾರ. ಕಂಟೇನರ್ ಆರಂಭವಾಗಲು ಹಿಡಿಯುವ ಕಾಲದಲ್ಲಿ ನೂರಕ್ಕೆ 76 ಪಾಲು ಕಟ್ಟನ್ನು ತರುವುದಕ್ಕೇ ಸಲ್ಲುವುದೆಂದೂ, ತಂದುದರಲ್ಲಿ ನೂರಕ್ಕೆ 6.4 ಪಾಲು ಮಾತ್ರ ಓದಲ್ಪಡುವುದೆಂದೂ 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು.

ಜಿನೀವಾ ನಗರದ ಬಳಿಯಿರುವ ಸರ್ನ್ ಸಂಸ್ಥೆಯು ಇದಕ್ಕೊಂದು ಸೊಗಸಾದ ಪರಿಹಾರವನ್ನು ಕಂಡುಕೊಂಡಿದೆ. ಅಲ್ಲಿಯ ಕಣಭೌತ ಪ್ರಯೋಗಗಳ ದತ್ತಾಂಶವು 40ಕ್ಕೂ ಹೆಚ್ಚು ದೇಶಗಳ ಗಣಕಕೇಂದ್ರಗಳಲ್ಲಿ ಪರಿಶೀಲಿಸಲ್ಪಡುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯೂ ಅವುಗಳಲ್ಲೊಂದು. ಸರ್ನ್‌ವಿಎಂ ಫೈಲ್ ಸಿಸ್ಟಮ್ ಎಂಬ ಏರ್ಪಾಡಿನಲ್ಲಿ ಕಟ್ಟನ್ನು ಮೊದಲೇ ಬಿಚ್ಚಿ, ಕಡತಗಳನ್ನು ಬಿಡಿಬಿಡಿಯಾಗಿ ಮೂಲಭಂಡಾರದಲ್ಲಿರಿಸುತ್ತಾರೆ. ಪ್ರತಿಯೊಂದು ಕಡತಕ್ಕೂ ಅದರ ಒಳಗಿನ ವಿಷಯದಿಂದಲೇ ಗಣಿತರೀತ್ಯಾ ಹುಟ್ಟಿಸಿದ ಗುರುತೊಂದುಂಟು. ಇದನ್ನು ಹ್ಯಾಷ್ ಎನ್ನುವರು. ವಿಷಯವು ಒಂದೇ ಆದರೆ ಗುರುತೂ ಒಂದೇ. ಆದಕಾರಣ ನೂರು ಕಟ್ಟುಗಳಲ್ಲಿ ಬರುವ ಒಂದೇ ಕಡತವನ್ನು ಒಮ್ಮೆ ಇರಿಸಿದರೆ ಸಾಕು.

ಮೂಲಭಂಡಾರದ ಪ್ರತಿಗಳು ಬೇರೆ ಬೇರೆ ಪ್ರದೇಶಗಳ ಸರ್ವರುಗಳಲ್ಲಿರುತ್ತವೆ. ಅಲ್ಲಿಂದ ಆಯಾ ಕೇಂದ್ರದ ತಾತ್ಕಾಲಿಕ ಸಂಗ್ರಹಕ್ಕೂ, ಕೊನೆಗೆ ಗಣಕದ ಸ್ವಂತ ಸಂಗ್ರಹಕ್ಕೂ ಕಡತಗಳು ಬರುತ್ತವೆ. ಗಣಕಕ್ಕೆ ಇಡಿಯ ಕಟ್ಟೇ ಕಾಣುತ್ತಿದ್ದರೂ ತೆರೆದ ಕಡತವಷ್ಟೇ ಇಳಿದುಬರುತ್ತದೆ. ಬಂದ ಕಡತದ ಗುರುತನ್ನು ಮತ್ತೆ ಲೆಕ್ಕಹಾಕಿ ತಾಳೆ ನೋಡುವುದರಿಂದ ದಾರಿಯಲ್ಲಿ ಪಾಠ ಕೆಟ್ಟಿದ್ದರೆ ಒಡನೆಯೇ ತಿಳಿಯುತ್ತದೆ.

ಇದಕ್ಕೂ ಮಿತಿಗಳುಂಟು. ಜಾಲಸಂಪರ್ಕವು ಕಡಿದರೆ ಮೊದಲೇ ತಂದಿರದ ಕಡತವು ದೊರೆಯದು. ಅದಕ್ಕಿಂತ ಮಿಗಿಲಾದುದು ಇನ್ನೊಂದು: ಗುರುತು ಹೇಳುವುದು ಪ್ರತಿಯು ಮೂಲದಂತಿದೆ ಎಂಬುದನ್ನು ಮಾತ್ರ, ಮೂಲವು ಶುದ್ಧವೆಂಬುದನ್ನಲ್ಲ. ಮೂಲದಲ್ಲಿಯೇ ದೋಷವಿದ್ದರೆ ಅದು ಒಂದಕ್ಷರವೂ ವ್ಯತ್ಯಾಸವಾಗದೆ ಎಲ್ಲೆಡೆಗೂ ಹರಡುವುದು. ಕಟ್ಟನ್ನು ಮೊದಲು ಕಟ್ಟುವವನ ಎಚ್ಚರವೇ ಇಲ್ಲಿಯೂ ಕೊನೆಯ ರಕ್ಷೆ.