ಉಚ್ಚಂಗೆಮ್ಮನ ಗುಡ್ಡ, ಎಟಿಪಿಯ ಮೋಡಿ!

ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೋಗಿದ್ದೀರಾ? ಉಧೋ ಉಧೋ ಎನ್ನುತ್ತ ಜನ ಗುಡ್ಡ ಹತ್ತುತ್ತಾರೆ. ತಲೆ ಮೇಲೆ ಗಂಟು, ಕಂಕುಳಲ್ಲಿ ಕೂಸು! ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಿ ಗೆದ್ದ ಕೋಟೆಯಿದು. ಆ ಕತೆ ಇನ್ನೊಮ್ಮೆ. ಈಗ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿರುವ ಒಬ್ಬ ಅಜ್ಜಿಯ ತೊಡೆಯೊಳಗೆ ಇಣುಕೋಣ ಬನ್ನಿ.

ಅಲ್ಲಿದೆ ಎಟಿಪಿ! ಪೂರ್ತಿ ಹೆಸರು ಅಡಿನೋಸಿನ್ ಟ್ರೈಫಾಸ್ಫೇಟ್. ಬೆಳಗ್ಗೆ ತಿಂದ ಮಂಡಕ್ಕಿ-ಮೆಣಸಿನಕಾಯಿ ನೇರವಾಗಿ ಕಾಲೆತ್ತಿಸುವುದಿಲ್ಲ. ಅದರ ಶಕ್ತಿ ಮೊದಲು ಎಟಿಪಿಗೆ ಬರಬೇಕು. ಆಮೇಲೆ ಹೆಜ್ಜೆ!

ಒರಟಾಗಿ ಲೆಕ್ಕ ಹಾಕಿ ನೋಡಿದೆ. 60 ಕೆಜಿ ತೂಕದವರು 100 ಮೀಟರ್ ಎತ್ತರ ಏರಿದರೆ, ಮೈಯನ್ನು ಮೇಲೆತ್ತಲಿಕ್ಕೇ ಒಂದು ಕೆಜಿಗೂ ಹೆಚ್ಚು ಎಟಿಪಿ ಒಡೆಯಬೇಕು. ಹಾಗಾದರೆ ಮೈಯಲ್ಲಿ ದಾಸ್ತಾನು ಎಷ್ಟಿದ್ದೀತು? ಊಹಿಸಿ. ಹತ್ತು ಕೆಜಿ? ಐದು?

ಕಾಲು ಕೆಜಿಯನ್ನೂ ದಾಟುವುದಿಲ್ಲ!

ಮತ್ತೆ ಗುಡ್ಡ ಹತ್ತುವುದು ಹೇಗೆ? ಒಡೆದದ್ದನ್ನೇ ಮತ್ತೆ ಜೋಡಿಸಿಕೊಂಡು! ಸುಮ್ಮನೆ ಕೂತವರ ಮೈಯಲ್ಲೂ ದಿನಕ್ಕೆ ಸುಮಾರು 40 ಕೆಜಿ ಎಟಿಪಿ ಒಡೆಯುತ್ತದೆ, ಮತ್ತೆ ಕೂಡುತ್ತದೆ. ಅವೇ ಅಣುಗಳು, ದಿನಕ್ಕೆ ನೂರಾರು ಸಲ!

ಜೋಡಿಸುವುದು ಒಂದು ಮೋಟಾರು. ಮೈಟೊಕಾಂಡ್ರಿಯಾದ ಪೊರೆಯಲ್ಲಿ ಕೂತಿರುವ ಎಟಿಪಿ ಸಿಂಥೇಸ್. ತುಂಗಭದ್ರಾ ಅಣೆಕಟ್ಟೆಯ ನೀರು ಟರ್ಬೈನನ್ನು ತಿರುಗಿಸುವ ಹಾಗೆ, ಪ್ರೋಟಾನುಗಳು ನುಗ್ಗಿ ಬಂದು ಇದನ್ನು ತಿರುಗಿಸುತ್ತವೆ. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೂ ತಿರುಗುತ್ತದೆ! 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ತುದಿಗೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಸುತ್ತುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು. ಎಳೆಯ ಹೊರೆ ಇಲ್ಲದಿದ್ದರೆ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸುತ್ತು! ಸುತ್ತಿಗೆ ಮೂರು ಎಟಿಪಿ!

ಇನ್ನೊಂದು ಬೆರಗು ಕೇಳಿ. 'ಬಂಧ ಮುರಿದರೆ ಶಕ್ತಿ ಸಿಗುತ್ತದೆ' ಎಂದು ಶಾಲೆಯಲ್ಲಿ ಕಲಿತಿದ್ದೀರಲ್ಲ? ತಪ್ಪು! ಯಾವ ಬಂಧವನ್ನು ಮುರಿಯಲೂ ಶಕ್ತಿ ಖರ್ಚಾಗಲೇಬೇಕು. ಎಟಿಪಿಯ ಮೂರು ಫಾಸ್ಫೇಟುಗಳಿಗೂ ಋಣ ವಿದ್ಯುದಂಶ. ಒಂದನ್ನೊಂದು ಕಂಡರಾಗದು! ನೀರಿನ ಅಣು ಬಂದು ಕೊನೆಯದನ್ನು ಬಿಡಿಸಿದರೆ, ಬೇರೆಯಾದ ಎರಡೂ ಮೊದಲಿಗಿಂತ ನೆಮ್ಮದಿಯ ಸ್ಥಿತಿಗೆ ಇಳಿಯುತ್ತವೆ. ಆ ಇಳಿತವೇ ಶಕ್ತಿ! ಎಷ್ಟೋ ಸಲ ಜೀವಕೋಶಕ್ಕೆ ಈ ನೀರಿನ ಉಸಾಬರಿಯೂ ಬೇಡ. ಫಾಸ್ಫೇಟನ್ನು ನೇರವಾಗಿ ಗ್ಲೂಕೋಸಿಗೆ ಅಂಟಿಸಿಬಿಡುತ್ತದೆ. ತಾನಾಗಿ ನಡೆಯದ ಕ್ರಿಯೆ ಸಲೀಸಾಗಿ ನಡೆದುಹೋಗುತ್ತದೆ!

ಈಗ ನನ್ನ ಅಚ್ಚುಮೆಚ್ಚಿನ ಪ್ರಶ್ನೆ. ಸ್ನಾಯುವಿನೊಳಗೆ ಮಯೋಸಿನ್ ಎಂಬ ಪ್ರೋಟೀನು ಆಕ್ಟಿನ್ ಎಳೆಯನ್ನು ಹಿಡಿದು ಎಳೆಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಎಟಿಪಿ ಬಂದು ಕೂತ ಕ್ಷಣ ಏನಾಗುತ್ತದೆ? ಹಿಡಿಯುತ್ತದೋ, ಬಿಡುತ್ತದೋ?

ಬಿಡುತ್ತದೆ! ಎಟಿಪಿ ಬರದಿದ್ದರೆ ಹಿಡಿತ ಸಡಿಲುವುದೇ ಇಲ್ಲ! ಸತ್ತವರ ಮೈ ಸೆಟೆದುಕೊಳ್ಳುವುದು ಇದಕ್ಕೇ. ಎಟಿಪಿ ಮುಗಿಯಿತು, ಹಿಡಿದ ಕೈ ಹಿಡಿದಂತೆಯೇ ಉಳಿಯಿತು.

ಈ ಎಟಿಪಿಯ ಸುಳಿವು ಹಿಡಿದವರಲ್ಲಿ ನಮ್ಮ ಕಡೆಯವರೂ ಇದ್ದರು! ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್. ಓದಿದ್ದು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಉಚ್ಚಂಗಿದುರ್ಗವಿರುವ ಹರಪನಹಳ್ಳಿ ಸೀಮೆಯೂ ಆಗ ಮದ್ರಾಸ್ ಪ್ರಾಂತ್ಯಕ್ಕೇ ಸೇರಿತ್ತು!

ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಸೇರಿ ಅವರು ರಂಜಕ ಅಳೆಯುವ ವಿಧಾನ ಕಂಡುಹಿಡಿದರು. ಅದು 1925ರಲ್ಲಿ ಪ್ರಕಟವಾಯಿತು. ರಂಜಕ ಹೆಚ್ಚಿದಷ್ಟೂ ನೀಲಿ ಗಾಢ. ಆದರೆ ಸ್ನಾಯುವಿನ ರಸ ಹಾಕಿದಾಗ ಮಾತ್ರ ನೀಲಿ ಬಣ್ಣ ತಡವಾಗಿ, ನಿಧಾನವಾಗಿ ಏರಿತು! ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಚೆಲ್ಲಿಬಿಡುತ್ತಿದ್ದರೇನೋ. ಇವರು ಬೆನ್ನು ಹತ್ತಿದರು. ಆಮ್ಲ ಸೋಕಿದರೆ ಸಾಕು, ಯಾವುದೋ ವಸ್ತು ಒಡೆದು ಫಾಸ್ಫೇಟನ್ನು ಬಿಡುತ್ತಿತ್ತು. ಅದೇ ಫಾಸ್ಫೊಕ್ರಿಯೇಟಿನ್! ಓಟದ ಮೊದಲ ಕೆಲವೇ ಸೆಕೆಂಡು ಎಟಿಪಿಯನ್ನು ಮರುತುಂಬಿಸುವ ತುರ್ತು ನಿಧಿ. ಅದು 1927.

ಎರಡೇ ವರ್ಷ! 1929ರಲ್ಲಿ ಎಟಿಪಿಯೇ ಸಿಕ್ಕಿತು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ತಮ್ಮಷ್ಟಕ್ಕೆ ತಾವೇ ಅದನ್ನು ಬೇರ್ಪಡಿಸಿದ್ದರು. ಎರಡೂ ಕಡೆ ಅದು ಕೈಗೆ ಸಿಕ್ಕಿದ್ದು ಸ್ನಾಯುವಿನ ರಸದಲ್ಲೇ!