ಹೃದಯ ಆಪರೇಷನ್ ನಂತರದ ಗೊಂದಲ: ನರ ಪ್ರಚೋದನೆಯಿಂದ ತಡೆಯಬಹುದೇ?

ಬೈಪಾಸ್ ಅಥವಾ ವಾಲ್ವ್ ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಹೇಳಿರುತ್ತಾರೆ. ಆದರೂ ಎರಡನೆಯ ಅಥವಾ ಮೂರನೆಯ ದಿನ ಕೆಲವು ರೋಗಿಗಳು ಮಕ್ಕಳನ್ನೇ ಗುರುತಿಸುವುದಿಲ್ಲ. "ಹೊಲಕ್ಕೆ ಹೋಗಬೇಕು" ಎಂದು ಏಳುತ್ತಾರೆ, ಸಲೈನ್ ನಳಿಕೆ ಕೀಳುತ್ತಾರೆ. ಇದಕ್ಕೆ ಡೆಲಿರಿಯಂ ಎನ್ನುತ್ತಾರೆ; ನಮ್ಮ ಹಿರಿಯರು ಸನ್ನಿ ಎನ್ನುತ್ತಿದ್ದರು. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ.

ಏಕೆ ಬರುತ್ತದೆ?
ದೊಡ್ಡ ಆಪರೇಷನ್‌ನಿಂದ ದೇಹದಲ್ಲಿ ಉರಿಯೂತ ಉಂಟಾಗಿ ಮೆದುಳಿಗೂ ತಟ್ಟುತ್ತದೆ. ನೋವು, ನಿದ್ರೆಗೇಡು, ಸೋಂಕು, ಆಮ್ಲಜನಕದ ಕೊರತೆ, ಕೆಲವು ನಿದ್ರೆ ಔಷಧಿಗಳು ಇದನ್ನು ಹೆಚ್ಚಿಸುತ್ತವೆ. 65 ವರ್ಷ ದಾಟಿದವರಿಗೆ ಹಾಗೂ ಮೊದಲೇ ಮರೆವು ಇದ್ದವರಿಗೆ ಅಪಾಯ ಹೆಚ್ಚು.

ನರ ಪ್ರಚೋದನೆ ಎಂದರೇನು?
ವೇಗಸ್ ಎಂಬ ನರ ಮೆದುಳಿನಿಂದ ಹೊರಟು ಹೃದಯ, ಶ್ವಾಸಕೋಶ, ಹೊಟ್ಟೆಗೆ ಹೋಗುತ್ತದೆ. ಅದರ ಸಣ್ಣ ಕವಲೊಂದು ಕಿವಿಯ ಚರ್ಮಕ್ಕೆ ಬರುತ್ತದೆ. ಅಲ್ಲಿ ಕ್ಲಿಪ್ ಹಾಕಿ ಅತಿ ಸಣ್ಣ ವಿದ್ಯುತ್ ಹರಿಸುವುದೇ ಈ ವಿಧಾನ. ಈ ನರವನ್ನು ಪ್ರಚೋದಿಸಿದರೆ ಉರಿಯೂತ ತಗ್ಗುತ್ತದೆ ಎಂದು 2000ರಲ್ಲಿ ಅಮೆರಿಕದ ಕೆವಿನ್ ಟ್ರೇಸಿ ಅವರ ತಂಡ ಇಲಿಗಳಲ್ಲಿ ತೋರಿಸಿತು. ಹಾಗಾದರೆ ಗೊಂದಲವೂ ತಪ್ಪೀತೇ ಎಂಬುದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ. ಅಂಗಡಿಯಲ್ಲಿ ಸಿಗುವ ಕರೆಂಟ್ ಯಂತ್ರವನ್ನು ತಂದು ಹಚ್ಚಬೇಡಿ. ಪೇಸ್‌ಮೇಕರ್ ಇದ್ದವರಿಗೆ ಅಪಾಯವಾದೀತು.

ನೀವು ಮಾಡಬಹುದಾದದ್ದು
1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 70 ದಾಟಿದ 852 ಒಳರೋಗಿಗಳಿದ್ದರು. ಅವರು ಹೃದಯ ಆಪರೇಷನ್ ಆದವರಲ್ಲ. ನಿದ್ರೆ, ಓಡಾಟ, ಕಣ್ಣು–ಕಿವಿ, ನೀರು ಇಂಥ ಸರಳ ಆರೈಕೆಯಿಂದಲೇ ಗೊಂದಲ ಶೇ. 15ರಿಂದ 9.9ಕ್ಕೆ ಇಳಿಯಿತು. ಆದ್ದರಿಂದ:

1. ಕನ್ನಡಕ, ಕಿವಿ ಯಂತ್ರ, ಹಲ್ಲಿನ ಸೆಟ್ ತಂದುಕೊಡಿ.
2. ಹೆಸರು ಹಿಡಿದು ಕರೆಯಿರಿ. ಇಂದು ಯಾವ ವಾರ, ಎಲ್ಲಿದ್ದೇವೆ ಎಂದು ಮೆಲ್ಲಗೆ ತಿಳಿಸಿ. ವಾದ ಮಾಡಬೇಡಿ, ಗದರಬೇಡಿ.
3. ಹಗಲು ಎಚ್ಚರವಿರಲಿ, ರಾತ್ರಿ ಮಾತು, ಮೊಬೈಲ್ ಸದ್ದು ಬೇಡ.
4. ನರ್ಸ್ ಹೇಳಿದಾಗ ಕೂರಿಸಿ, ನಡೆಸಿ. ನೀರು ಎಷ್ಟು ಕೊಡಬೇಕೆಂದು ಕೇಳಿಯೇ ಕೊಡಿ.
5. ಕುಡಿತ, ತಂಬಾಕು, ನಿದ್ರೆ ಮಾತ್ರೆಯ ಅಭ್ಯಾಸವನ್ನು ಆಪರೇಷನ್‌ಗೆ ಮೊದಲೇ ತಿಳಿಸಿ. ಸಂಕೋಚದಿಂದ ಮುಚ್ಚಿಟ್ಟರೆ ರೋಗಿಗೇ ತೊಂದರೆ.

ಗಲಾಟೆ ಮಾಡುವವರಷ್ಟೇ ಅಲ್ಲ, ಮಂಕಾಗಿ ಸುಮ್ಮನೆ ಮಲಗಿರುವವರಿಗೂ ಡೆಲಿರಿಯಂ ಇರಬಹುದು. "ಪಾಪ, ಸುಸ್ತಾಗಿದ್ದಾರೆ" ಎಂದು ಬಿಡಬೇಡಿ. ಅವರ ಸ್ವಭಾವ ನಿಮಗೇ ಚೆನ್ನಾಗಿ ಗೊತ್ತು. ಬದಲಾವಣೆ ಕಂಡ ಕೂಡಲೇ ನರ್ಸ್‌ಗೆ ತಿಳಿಸಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಒಂದು ನಿಮಿಷವೂ ಕಾಯಬೇಡಿ.

ಹೆಚ್ಚಿನವರು ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತಾರೆ; ಕೆಲವರಿಗೆ ವಾರಗಳು ಬೇಕಾಗಬಹುದು. ಆ ಹೊತ್ತಿನಲ್ಲಿ ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅವರೆದುರು ಹೇಳಿ ನಗಬೇಡಿ.